ಆರ್ಡರ್ ಬಾರದ ವರ್ಗಾವಣೆ

ಜೋಧಪುರದಿಂದ ಹೊರಟ ಕಾರು ಸಿರಾ ಮುಟ್ಟುವಷ್ಟರಲ್ಲಿ ಓಬಳಮ್ಮನ ಕಾಲು ಊದಿಕೊಂಡಿತ್ತು. ಮಗ ರಂಗಸ್ವಾಮಿ ಸೈನ್ಯದಿಂದ ನಿವೃತ್ತನಾಗಿ, ತಾಯಿ, ಹೆಂಡತಿ ವನಜಾಕ್ಷಿ, ಪಿಯುಸಿ ಮುಗಿಸಿದ ಮಗಳು ಆಶಾರಾಣಿಯನ್ನು ಕರೆದುಕೊಂಡು ಊರ ಕಡೆ ಹೊರಟಿದ್ದ. ಸಾಮಾನೆಲ್ಲ ಹಿಂದೆ ಲಾರಿಯಲ್ಲಿ ಬರುತ್ತಿತ್ತು. ದಾರಿಯುದ್ದಕ್ಕೂ ಓಬಳಮ್ಮ ಹೊಲಗಳನ್ನೇ ನೋಡುತ್ತಿದ್ದಳು. ಹಿರಿಯೂರು ದಾಟಿದ ಮೇಲೆ, "ಇಗಾ, ನಮ್ ಕಡೆ ಮಣ್ಣು ಬಂತು" ಎಂದಳು. ಮೊಮ್ಮಗಳಿಗೆ ಆ ಮಣ್ಣಿಗೂ ದಾರಿಯಲ್ಲಿ ಕಂಡ ಗುಜರಾತಿನ ಮಣ್ಣಿಗೂ ವ್ಯತ್ಯಾಸ ಕಾಣಲಿಲ್ಲ.

ಯಾವ ಊರಿಗೆ ಹೋಗಬೇಕೆಂದು ಗೊತ್ತಿತ್ತು, ಯಾವ ಮನೆಯಲ್ಲಿ ಇರಬೇಕೆಂದು ಗೊತ್ತಿರಲಿಲ್ಲ. ಗೌಡಗೆರೆಯ ಹಳೇ ಮನೆ ಬಿದ್ದುಹೋಗಿ, ಅದರ ಜಾಗದಲ್ಲಿ ಅಣ್ಣ ಚಿಕ್ಕಹನುಮಯ್ಯ ರಂಗಸ್ವಾಮಿಯ ಒಪ್ಪಿಗೆ ಪಡೆದೇ ತನ್ನ ಸಂಸಾರಕ್ಕೆ ಸಾಲುವಷ್ಟು ಮನೆ ಕಟ್ಟಿಕೊಂಡಿದ್ದ. "ಬೇಕಾದಷ್ಟು ದಿನ ಇರ್ರಿ" ಎಂದ. ಮನಸಾರೆ ಹೇಳಿದ ಮಾತೇ. ಆದರೆ ನಡುಮನೆಯಲ್ಲಿ ಹಾಸಿಗೆ ಹಾಸಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಲಾರಿಯ ಸಾಮಾನು ಕಡಲೆಕಾಯಿ ಮೂಟೆಗಳ ಪಕ್ಕದಲ್ಲಿ ಶೆಡ್ ಸೇರಿತು.

ರಂಗಸ್ವಾಮಿ ದಿನಾ ಬೆಳಿಗ್ಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯೊಂದಿಗೆ ಬಾಡಿಗೆ ಮನೆ ನೋಡಲು ಹೊರಡುತ್ತಿದ್ದ. ಸಿರಾದ ಮನೆ ಹೈವೇಗೆ ಹತ್ತಿರವಾಯಿತು. ಕೊರಟಗೆರೆಯದಕ್ಕೆ ಬೆಳಕು ಸಾಲದು. ಪಾವಗಡಕ್ಕೆ ಹೋದರೆ, ಜೋಧಪುರದ ಬಿಸಿಲೇ ಸಾಕಾಗಿದೆ ಎಂದ. ಕೊಡಿಗೇನಹಳ್ಳಿ ವನಜಾಕ್ಷಿಯ ತವರು. ಹೆಣ್ಣು ಕೊಟ್ಟ ಮಾವನ ಊರಲ್ಲಿ ನೆಲೆ ನಿಂತ ಎಂದು ಜನ ಆಡಿಕೊಳ್ಳುತ್ತಾರೆಂದು ಅಲ್ಲಿ ಕಾರಿನಿಂದ ಇಳಿಯಲೇ ಇಲ್ಲ. ಮಧುಗಿರಿಯಲ್ಲಿ ಚನ್ನಮಲ್ಲಮ್ಮ ಎಂಬ ಹೆಂಗಸಿನ ಹಿಂಭಾಗದ ಮನೆ ಅವನಿಗೂ ಹಿಡಿಸಿದಂತಿತ್ತು. ಅವಳು "ನೀವು ಯಾವ ಜನ?" ಎಂದದ್ದೇ ತಡ, ಉತ್ತರ ಕೊಡದೆ ಹೊರಗೆ ನಡೆದುಬಿಟ್ಟ.

ಅವತ್ತು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುವಾಗ ವನಜಾಕ್ಷಿ ಕೇಳಿದಳು: "ನಿಮಗೆ ಎಂಥಾ ಮನೆ ಬೇಕು, ಅದನ್ನಾದ್ರೂ ಹೇಳಿ."

ಅವನು ಲೋಟ ಕೆಳಗಿಟ್ಟ. "ಅಲ್ಲಿ ಕ್ವಾರ್ಟರ್ಸ್ ನಂಬರ್ ಕೊಡೋರು. ಚೆನ್ನಾಗಿಲ್ದಿದ್ರೆ ಬೈಕೊಂಡು ಇರ್ತಿದ್ವಿ. ಈಗ ನಾನೇ ಆರಿಸಿ, ಅದು ಸರಿಹೋಗದಿದ್ರೆ ಯಾರನ್ನ ಬಯ್ಲಿ?"

ವನಜಾಕ್ಷಿಗೆ ಕನಿಕರ ಬಂತು. ಸಿಟ್ಟು ಅದಕ್ಕಿಂತ ಜಾಸ್ತಿ ಬಂತು. ಅಸ್ಸಾಮಿನಿಂದ ಪಂಜಾಬಿನವರೆಗೆ ಹೋದಲ್ಲೆಲ್ಲ ಒಲೆ ಹೂಡಿದವಳು ಅವಳು. ಟೀ ಮುಗಿಸಿ ಎದ್ದಳು.

ಮರುದಿನ ಗಂಡನಿಗೆ ತಿಳಿಸದೆ ಮಧುಗಿರಿಯ ಬಸ್ಸು ಹತ್ತಲು ಹೊರಟಾಗ, ಓಬಳಮ್ಮ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಳು. "ಇರಾದು ನಾನೂ ತಾನೆ" ಎಂದಳು.

ಚನ್ನಮಲ್ಲಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. "ನಿನ್ನೆ ನಿಮ್ಮನೆಯೋರು ಮಾತೇ ಆಡ್ದೆ ಹೋದ್ರಲ್ಲಮ್ಮ."

"ನೀವು ಜಾತಿ ಕೇಳಿದ್ರಿ."

"ಬಾಡು ಬೇಯ್ಸೋರಾ ಅಂತ ತಿಳ್ಕಳಾಕೆ ಕೇಳ್ದೆ."

"ಅದನ್ನೇ ಕೇಳಬಹುದಿತ್ತು. ಬೇಯಿಸ್ತೀವಿ, ಭಾನುವಾರ."

ಚನ್ನಮಲ್ಲಮ್ಮನ ಕೈ ನಿಂತಿತು. ಮೆಟ್ಟಿಲ ಮೇಲೆ ಕೂತು ಮೊಣಕಾಲು ತಿಕ್ಕುತ್ತಿದ್ದ ಓಬಳಮ್ಮ ಬಾಯಿ ಹಾಕಿದಳು: "ನಾನು ಬುಟ್ಟು ಬಾಳಾ ವರ್ಸ ಆಯ್ತು ಕಣವ್ವ. ಅಂಗಂತ ತಿನ್ನೋರ್ನ ಬುಡ್ಸಾಕೆ ಆಯ್ತದಾ?"

"ಸೋಮವಾರ ಬೇಡ. ಶ್ರಾವಣದಲ್ಲಿ ಪೂರ್ತಿ ಬೇಡ" ಎಂದಳು ಚನ್ನಮಲ್ಲಮ್ಮ.

"ಸೋಮವಾರಕ್ಕೆ ಒಪ್ಪಿದೆ. ಶ್ರಾವಣ ಪೂರ್ತಿ ಆಗಲ್ಲಮ್ಮ" ಎಂದಳು ವನಜಾಕ್ಷಿ.

"ಶ್ರಾವಣ ಶನಿವಾರ ನಮ್ಮನೇಲೇ ಮೊಟ್ಟೆನೂ ಒಡೆಯಲ್ಲ" ಎಂದು ಓಬಳಮ್ಮ ಸೇರಿಸಿದಳು.

ಚನ್ನಮಲ್ಲಮ್ಮ ಸ್ವಲ್ಪ ಹೊತ್ತು ಬೀಜ ಬಿಡಿಸಿದಳು. ಆಮೇಲೆ ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಂಡು ಬೀಗದ ಕೈ ತಂದಳು. "ಅಡುಗೆಮನೆ ಕಿಟಕಿ ಹೆಂಗೂ ಹಿತ್ಲ ಕಡೆ ಐತೆ."

ಖಾಲಿ ಮನೆಯೊಳಗೆ ನಿಂತೇ ವನಜಾಕ್ಷಿ ಫೋನ್ ಮಾಡಿದಳು. "ಮನೆ ಆಯ್ತು. ಸಾಮಾನಿಗೆ ಟೆಂಪೋ ನೋಡಿ."

"ಯಾವ ಮನೆ?"

"ಮಧುಗಿರೀದು. ಚನ್ನಮಲ್ಲಮ್ಮೋರದು."

"ಆಯಮ್ಮ ಜಾತಿ ಕೇಳಿದ್ಳು ಕಣೆ."

"ಗೊತ್ತು. ಅದೆಲ್ಲ ಮಾತಾಡಿ ಮುಗಿಸಿದೀನಿ. ಅತ್ತೆ ಆಗಲೇ ದೇವರ ಗೂಡು ಒರೆಸ್ತಾವ್ರೆ."

ಆ ವಾರವೇ ಟೆಂಪೋ ಬಂತು. ರಂಗಸ್ವಾಮಿ ಮೊದಲ ದಿನದಿಂದಲೂ ಗೊಣಗಿದ: ನಲ್ಲಿ ಸೋರುತ್ತದೆ, ಬಚ್ಚಲ ಬಾಗಿಲು ಹಿಡಿಯುತ್ತದೆ. ಗೊಣಗುತ್ತಲೇ ನಲ್ಲಿಗೆ ವಾಷರ್ ಹಾಕಿದ, ಬಾಗಿಲಿನ ಅಂಚು ತರಿದ. ವನಜಾಕ್ಷಿ ಅವನನ್ನು ಗೊಣಗಲು ಬಿಟ್ಟಳು. ಗಂಡನ ದನಿ ಕ್ವಾರ್ಟರ್ಸಿನ ದಿನಗಳಂತಾಗಿತ್ತು. ಆಶಾರಾಣಿ ಅಲ್ಲಿಯ ಕಾಲೇಜಿಗೇ ಸೇರಿದಳು. ಅವಳ ಕನ್ನಡಕ್ಕೆ ಗೆಳತಿಯರು ನಗುತ್ತಾರೆಂದು ಮೊದಮೊದಲು ಅತ್ತಳು.

ಚನ್ನಮಲ್ಲಮ್ಮ ಹಬ್ಬಕ್ಕೆ ಹೋಳಿಗೆ ಕಳಿಸಿದಳು. ಬರಿ ಪಾತ್ರೆ ವಾಪಸ್ ಕೊಡಬಾರದೆಂದು ವನಜಾಕ್ಷಿ ಅದರಲ್ಲಿ ಕಜ್ಜಾಯ ಹಾಕಿ ಕೊಟ್ಟಳು. ಅದನ್ನು ಆ ಮನೆಯಲ್ಲಿ ತಿಂದರೋ ಇಲ್ಲವೋ ಗೊತ್ತಾಗಲಿಲ್ಲ. ಅವಳು ಕೇಳಲೂ ಇಲ್ಲ.

ದೀಪಾವಳಿ ಕಳೆದ ಮೇಲೆ ಬೈರಪ್ಪ ಎಂಬ ಬ್ರೋಕರ್, ಐ.ಡಿ.ಹಳ್ಳಿ ರಸ್ತೆಯಲ್ಲಿ ಒಂದು ಸೈಟಿದೆ ಎಂದು ಸುದ್ದಿ ತಂದ. "ನೋಡ್ಕೊಂಡು ಬರೋಣ್ವಾ?" ಎಂದು ರಂಗಸ್ವಾಮಿ ಹೆಂಡತಿಯನ್ನು ಕರೆದ.

"ನೀವೇ ಹೋಗಿ ಬನ್ನಿ. ಈ ಸಲ ನೀವೇ ಆರಿಸಿ" ಎಂದಳು ವನಜಾಕ್ಷಿ.

ಅವನು ಒಬ್ಬನೇ ಹೋಗಿ ಮಧ್ಯಾಹ್ನ ತಿರುಗಿ ಬಂದ. ಜಾಗ ಹೆಂಗೈತೆ ಎಂದು ಓಬಳಮ್ಮ ಕೇಳಿದಳು.

"ಚೆನ್ನಾಗೈತೆ. ಇನ್ನೊಂದ್ ಸಲ ನೋಡ್ಬೇಕು" ಎಂದು ಕೈ ತೊಳೆದುಕೊಂಡು ಊಟಕ್ಕೆ ಕೂತ.