ಸೂತಕದ ನೀಲಿ

ಕ್ವೀಲು ಹೊಳೆದಂಡೆಯಲ್ಲಿ ಕಚ್ಚಿ ನಿದ್ದೆರೋಗ ಹಬ್ಬಿಸುವ ನೊಣಕ್ಕೆ ನೀಲಿ ಬಣ್ಣ ಕಂಡರೆ ಎಲ್ಲಿಲ್ಲದ ಮೋಹ. ಅದಕ್ಕೇ ರೋಗ ತಡೆಯುವ ತಂಡದವರಾದ ನಾವು ದಡದುದ್ದಕ್ಕೂ ಔಷಧ ಅದ್ದಿದ ನೀಲಿ ಬಟ್ಟೆ ಕಟ್ಟುತ್ತೇವೆ. ನೊಣ ಬಂದು ಕೂತು ಸಾಯುತ್ತದೆ. ನಮ್ಮೂರಿನ ವಿಧವೆಯರು ಸೂತಕದ ವರ್ಷವಿಡೀ ಉಡುವುದೂ ನೀಲಿಯನ್ನೇ. ಅದಕ್ಕೆ ಔಷಧ ಅದ್ದಿರುವುದಿಲ್ಲ, ನೊಣ ಕೂತು ಕಚ್ಚುತ್ತದೆ, ಅಷ್ಟೇ. ನೀಲಿ ಬಿಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ವರ್ಷದ ನಡುವೆ ಬಿಚ್ಚಿದರೆ ಸತ್ತವನು ಮುನಿಯುತ್ತಾನಂತೆ.

ಭಾವ ಕಿಪುಲು ದೋಣಿ ಮಗುಚಿ ಸತ್ತ. ಅಕ್ಕ ಮಾಫುತ ನೀಲಿ ಉಟ್ಟು ಅದೇ ಹೊಳೆಯಲ್ಲಿ ಮರಗೆಣಸು ನೆನೆಹಾಕುತ್ತಿದ್ದಳು. ಬಟ್ಟೆ ಬದಲಿಸು ಎಂದದ್ದಕ್ಕೆ ಅವಳ ಅತ್ತೆ ಯಾಲಾ ಊರೆಲ್ಲ ಕೇಳುವಂತೆ ಬೈದಳು: "ನನ್ನ ಮಗನ ಸೂತಕ ಕೆಡಿಸೋಕೆ ನೀನ್ಯಾವನೋ? ನೊಣದ ನೆಂಟ!"

ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕನಿಗೆ ಹಗಲುನಿದ್ದೆ ಹತ್ತಿತು. ಒಂದು ಮಧ್ಯಾಹ್ನ ಹೋದೆ. ಮುದ್ದೆಕೋಲು ಕೈಯಲ್ಲೇ ಇತ್ತು, ಕಣ್ಣು ಮುಚ್ಚಿತ್ತು, ಮುಖ ಮಾತ್ರ ಯಾರನ್ನೋ ನೋಡಿ ನಗುತ್ತಿತ್ತು. ಎದುರಿಗೆ ತಟ್ಟೆಯಲ್ಲಿ ಬಿಸಿ ಮುದ್ದೆ.

"ಯಾರಿಗೇ ಅಕ್ಕಾ ಇದು?"

"ನಿನ್ನ ಭಾವಂಗೆ. ಮೆಲ್ಲಗೆ ಮಾತಾಡೋ, ಈಗಷ್ಟೇ ಊಟಕ್ಕೆ ಕೂತಿದಾರೆ."

ತಟ್ಟೆಯ ಮುಂದಿನ ಚಾಪೆ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು.

ರಕ್ತದಲ್ಲಿ ರೋಗ ಸಿಕ್ಕಿತು. ಬಿಟ್ಟರೆ ಸಾವೇ ಗತಿ. ಮಾತ್ರೆ ಕೊಟ್ಟರೆ ಅಕ್ಕ ಕೈ ಹಿಂದೆಳೆದಳು.

"ಇದನ್ನ ನುಂಗಿದ್ಮೇಲೂ ಅವ್ರು ಬರ್ತಾರೇನೋ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಬರಲ್ಲ."

"ಮತ್ಯಾಕೋ ಕೊಡ್ತೀಯಾ?"

"ನಂಗೆ ನೀನು ಬೇಕು ಕಣೇ!" ಎಂದು ಗೊಳೋ ಎಂದು ಅತ್ತುಬಿಟ್ಟೆ.

ನನಗಾಗಿ ನುಂಗಿದಳು. ದಿನವೂ, ಊಟವಾದ ಕೂಡಲೇ, ನನ್ನ ಕಣ್ಣೆದುರೇ. ಮೊದಲು ಭಾವ ಒಳಗೆ ಬಾರದೆ ಬಾಗಿಲಲ್ಲೇ ನಿಂತನಂತೆ. ಆಮೇಲೆ ಅಂಗಳದಲ್ಲಿ. ಕೊನೆಗೆ ಹೊಳೆಯಾಚೆ, ಬೆನ್ನು ಮಾಡಿಕೊಂಡು.

ಅಕ್ಕ ಉಳಿದಳು. ಹಗಲೆಲ್ಲ ಎಚ್ಚರವಿದ್ದು ಅಳುತ್ತಿದ್ದಳು. ಅತ್ತೆ ಯಾಲಾ ಅವಳ ಮಗ್ಗುಲಲ್ಲಿ ಕೂತು ಕೇಳಿದಳು.

"ಅವನು ಬಂದಾಗ ನನ್ನ ಬಗ್ಗೆ ಏನಾದ್ರೂ ವಿಚಾರಿಸಿದ್ನೇನೇ?"

"ಇಲ್ಲ ಅತ್ತೆ."

ಮರುದಿನ ಹೊಳೆಗೆ ಹೋದೆ. ಮರಗೆಣಸು ನೆನೆಹಾಕುವ ಕಡೆ ನಾವು ಕಟ್ಟಿದ್ದ ಬಟ್ಟೆಯನ್ನು ಯಾರೋ ಕಿತ್ತು ಬಿಸಾಕಿದ್ದರು. ಪಕ್ಕದಲ್ಲಿ ಯಾಲಾ, ತೋಳು ಕಾಲು ಬರಿದು ಮಾಡಿಕೊಂಡು ಬಿಸಿಲಲ್ಲಿ ಕೂತಿದ್ದಳು.

"ಏಳಮ್ಮಾ, ಮನೆಗೆ ಹೋಗೋಣ" ಎಂದು ರಟ್ಟೆ ಹಿಡಿದೆ.

ಈ ಸಲ ಬೈಯಲಿಲ್ಲ. "ಕೈ ಬಿಡಪ್ಪಾ," ಎಂದು ಬೇಡಿಕೊಂಡಳು. "ಅಲುಗಾಡಿದ್ರೆ ನೊಣ ಕೂರಲ್ಲ."