ನಾಲ್ಕೂರಿಗೆ ಒಬ್ಬಳೇ ಅಜ್ಜಿ

ಆ ಮನೆಯ ಮಗಳಿಗೆ ಊರವರು ಕರೆಯುತ್ತಿದ್ದ ಹೆಸರು ಕುಕ್ಕರ್. ಅವಳ ಒಂದು ವಿಶಲ್ಲಿಗೆ ಯಾರೂ ಏಳುತ್ತಿರಲಿಲ್ಲ, ಎರಡಕ್ಕೆ ಕಿವಿ ನಿಮಿರುತ್ತಿತ್ತು, ಮೂರಾಯಿತೆಂದರೆ ಅಡುಗೆಮನೆ ಖಾಲಿ. ಹೆಸರಿಟ್ಟವನು ಸ್ವಂತ ತಮ್ಮ. ಪೇಟೆಯವರನ್ನು ಗುಡ್ಡ ಹತ್ತಿಸಿ ಇಳಿಸಿ, ಊರಿಗೊಂದು ಮನೆಯಲ್ಲಿ ಮಲಗಿಸಿ, ‘ಮಾಸದ ಬುಡಕಟ್ಟು ಬದುಕು’ ತೋರಿಸುವ ಗೈಡು ಅವನು. ನಾಲ್ಕು ದಿನದ ನಡಿಗೆ, ನಾಲ್ಕು ಊರು. ಹೆಗಲಿಗೆ ಹಗ್ಗದ ಸುರುಳಿ ಏರಿಸಿಕೊಂಡು ಕ್ಯಾಪ್ಟನ್ ಅನ್ನಿಸಿಕೊಂಡಿದ್ದ. ಆ ಹಗ್ಗ ಬಿಚ್ಚಿದ್ದನ್ನು ಕಂಡವರಿಲ್ಲ.

ಬುಡಕಟ್ಟು ಬದುಕೆಂದ ಮೇಲೆ ಅಜ್ಜಿ ಬೇಡವೇ? ಮೊದಲ ಊರಿನ ಮುದುಕಿ ಕ್ಯಾಮೆರಾ ಕಂಡರೆ ಕೋಲು ಹಿಡಿಯುತ್ತಿದ್ದಳು. ಎರಡನೆಯ ಊರಿನವಳು ತಲೆಗೆ ಕಪ್ಪು ಬಳಿದುಕೊಂಡು, ತಂಪು ಕನ್ನಡಕ ಹಾಕದೆ ಫೋಟೊಗೆ ಕೂರುವುದಿಲ್ಲ ಎಂದಳು. ಕೊನೆಯ ಊರಿನವಳು ಪೇಟೆ ಸೇರಿಯೇ ವರ್ಷಗಳಾಗಿದ್ದವು. ಉಳಿದದ್ದು ಕ್ಯಾಪ್ಟನ್ನನ ಅಮ್ಮ. ಅವಳ ಗಂಟಲಿನಿಂದ ಜೀಪಿನ ಗೇರಿನ ಸದ್ದು, ಪಕ್ಕದ ಮನೆಯವನ ಕೆಮ್ಮು, ಯಾರ ದನಿ ಬೇಕಾದರೂ ಹೊರಡುತ್ತಿತ್ತು. ಹಾಗಾಗಿ ಪ್ರವಾಸಿಗರು ಗುಡ್ಡದ ಈ ಬದಿಯ ಕಾಲುದಾರಿಯಲ್ಲಿ ಏದುಸಿರು ಬಿಡುವ ಮೊದಲೇ, ಬಾಡಿಗೆ ಜೀಪಿನಲ್ಲಿ ಆ ಬದಿಯ ಡಾಂಬರು ರಸ್ತೆ ಹಿಡಿದು ಅಮ್ಮ ಮುಂದಿನ ಊರಿಗೆ ಅಜ್ಜಿಯಾಗಿ ಹೋಗಿರುತ್ತಿದ್ದಳು. ಟ್ರೆಕ್ಕು ಅವರದು, ಟ್ರಿಕ್ಕು ಇವರದು.

ಒಂದೂರಲ್ಲಿ ಹರಸುವ ಅಜ್ಜಿ, ಇನ್ನೊಂದೂರಲ್ಲಿ ಬೊಚ್ಚುಬಾಯಲ್ಲಿ ಬೈಯುವ ಅಜ್ಜಿ. ಮೂರನೆಯದು ಅವಳದೇ ಊರು, ಅವಳದೇ ಮನೆ. ಅಷ್ಟು ಹೊತ್ತಿಗೆ ಪೇಟೆಯವರ ಕಿವಿ ಪಳಗಿರುತ್ತದೆ, ದನಿ ಗುರುತು ಸಿಕ್ಕೀತು ಎಂದು ತಮ್ಮ ಇಲ್ಲಿ ಅವಳನ್ನು ಮೂಗಿ ಮಾಡಿಬಿಟ್ಟಿದ್ದ.

“ಊರಿಗೆಲ್ಲ ಹೋಮ್‌ಸ್ಟೇ ಕಣೋ,” ಎಂದಿದ್ದಳು ಅಕ್ಕ. “ಅಮ್ಮನಿಗೆ ಮಾತ್ರ ಹೋಮೂ ಇಲ್ಲ, ಸ್ಟೇಯೂ ಇಲ್ಲ.”

ಈ ಸಲ ಎರಡನೆಯ ಊರು ಮುಗಿಸಿ ರಾತ್ರಿ ಮನೆಯೆದುರು ಅಮ್ಮ ಜೀಪಿನಿಂದ ಇಳಿದಾಗ ಮೈ ಕೆಂಡವಾಗಿತ್ತು. ಮೊದಲ ವಿಶಲ್. ಮರುದಿನ ಸಂಜೆ ಪ್ರವಾಸಿಗರು ಬಂದಾಗ ತಮ್ಮ ಅಮ್ಮನನ್ನು ಮಂಚದಿಂದ ಎಬ್ಬಿಸಿ, ಹಾಸಿಗೆ ಕೊಡವಿ, ಅದರ ಮೇಲೆ ಅವರ ಬ್ಯಾಗುಗಳನ್ನು ಸಾಲಾಗಿ ಒರಗಿಸಿದ. ಎರಡನೆಯದು.

“ಇವತ್ತೊಂದಿನ ಬಿಡೋ ಅವಳನ್ನ.”

“ಊಟ ಮುಗಿಯೋವರೆಗೆ ಕೂತಿದ್ರೆ ಸಾಕು ಅಕ್ಕ. ಆಮೇಲೆ ಜೀಪಲ್ಲಿ ನಿದ್ದೆ ಮಾಡ್ಕೊಂಡೇ ಮುಂದಿನೂರು. ಜೀಪಿನವನಿಗೆ ಬೆಳಿಗ್ಗೆ ಬೇರೆ ಬಾಡಿಗೆ ಇದೆ.”

“ನಿಂಗೆ ಅಮ್ಮನೂ ಬಾಡಿಗೆನೇ.”

“ಕೂಗಬೇಡ, ಅವರಿಗೆ ಕೇಳುತ್ತೆ. ನಿಜವಾದ ಕುಕ್ಕರ್ ಎಲ್ಲಿ? ಅಡುಗೆಮನೇಲಿ ಕಾಣಬಾರದು ಅಂದಿದ್ದೆ.”

ಅವನೇ ಅದನ್ನೆತ್ತಿ ಸೌದೆ ರಾಶಿಯ ಹಿಂದಿಟ್ಟ. ಅವಳು ಹೊಗೆ ಕುಡಿಯುತ್ತ ಒಲೆ ಊದಿದಳು. ಒಬ್ಬಾಕೆ ಬಾಗಿಲಲ್ಲಿ ನಿಂತು, “ಹೀಗೇ ಊದ್ತಾ ಇರಿ, ಲೈಟ್ ಚೆನ್ನಾಗಿದೆ,” ಎಂದಳು. ಕೊರಳಲ್ಲಿ ಕ್ಯಾಮೆರಾ. ಅವಳ ಜೊತೆಗಾರ ದೊಡ್ಡ ಬೂಟು ಬಿಚ್ಚಿ, ಕಾಲನ್ನು ಒಲೆಯತ್ತ ಚಾಚಿ ಕೂತಿದ್ದ.

ಅಮ್ಮ ಗೋಡೆಗೊರಗಿ, ಶಾಲು ಹೊದ್ದು ನಡುಗುತ್ತಿದ್ದಳು. ತುಟಿ ಬಿಗಿದೇ ಇತ್ತು.

“ಈ ಅಜ್ಜಿ ಮೌನದಲ್ಲೇ ಮಾತಾಡ್ತಾರೆ,” ಎಂದ ಕ್ಯಾಪ್ಟನ್.

ಕ್ಯಾಮೆರಾದಾಕೆ ಹತ್ತಿರ ಸರಿದು ಅಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಕಣ್ಣು ತುಂಬಿಕೊಂಡಳು. “ಎಷ್ಟು ಬೆಚ್ಚಗಿದೆ ಈ ಕೈ. ಈ ಆತ್ಮೀಯತೆ ನಮ್ಮ ಕಡೆ ಎಲ್ಲಿದೆ ಹೇಳಿ.”

ಮೂರನೆಯದು.

“ಅದು ಆತ್ಮೀಯತೆ ಅಲ್ಲ, ಜ್ವರ,” ಎಂದಳು ಮಗಳು, ಊದುಗೊಳವೆಯನ್ನು ನೆಲಕ್ಕೆ ಕುಕ್ಕಿ. “ನಿನ್ನೆ ಮೊನ್ನೆ ಇಬ್ಬರು ಅಜ್ಜಿಯರನ್ನ ಕಂಡ್ರಲ್ಲ, ಅವರ ಫೋಟೊ ತೋರಿಸಿ. ಮುಖ ನೋಡೋಣ.”

“ಅಕ್ಕಾ,” ಎಂದ ತಮ್ಮ.

“ನೀನು ಸುಮ್ನಿರು. ಇವತ್ತು ಮೂಗನ ಸರದಿ ನಿಂದು.”

ಆಕೆ ಕ್ಯಾಮೆರಾದ ಗುಂಡಿ ಒತ್ತುತ್ತ, ತೆಗೆದಿದ್ದ ಫೋಟೊಗಳನ್ನು ಒಂದೊಂದಾಗಿ ಸರಿಸಿದಳು. ಸುಕ್ಕುಗಟ್ಟಿದ ಕೈ. ಬಿರುಕುಬಿಟ್ಟ ಹಿಮ್ಮಡಿ. ಹೊಗೆಯಲ್ಲಿ ನೆರಳು. ಮುಖ ಒಂದೂ ಇರಲಿಲ್ಲ. ಎರಡು ಸಂಜೆ ಎದುರು ಕೂತು ಉಂಡಿದ್ದರು, ಯಾರೂ ಅಮ್ಮನನ್ನು ನೋಡಿರಲಿಲ್ಲ. ತಮ್ಮನ ಗುಟ್ಟನ್ನು ಈವರೆಗೆ ಕಾಪಾಡಿದ್ದು ಅಮ್ಮನ ನಟನೆಯಲ್ಲ, ಇವರ ಕಣ್ಣು.

ಅಮ್ಮ ಕೆಮ್ಮಿದಳು. ಆಮೇಲೆ ಬಾಯಿ ಬಿಟ್ಟಳು. ಮೊದಲೂರಿನ ಅಜ್ಜಿ ಹೊರಬಂದು ಎಲ್ಲರನ್ನೂ ಹರಸಿದಳು. ಎರಡನೆಯ ಊರಿನವಳು ಬಂದು ಬೂಟಿನವನ ಚಾಚಿದ ಕಾಲಿಗೆ ಬೈದಳು. ಬಳಿಕ ಕ್ಯಾಪ್ಟನ್ನನೇ ಬಂದ, ಮೂಗಿನಿಂದ ಹೊರಡುವ ಅವನ ಅದೇ ರಾಗದಲ್ಲಿ: “ಈ ಅಜ್ಜಿ ಮೌನದಲ್ಲೇ ಮಾತಾಡ್ತಾರೆ.”

ಪ್ರವಾಸಿಗರು ಚಪ್ಪಾಳೆ ತಟ್ಟಿದರು.

“ಇದು ಪ್ಯಾಕೇಜಲ್ಲಿ ಇದೆ ಅಂತ ಹೇಳಲೇ ಇಲ್ವಲ್ಲ ನೀವು,” ಎಂದ ಬೂಟಿನವ, ಕ್ಯಾಪ್ಟನ್ನನ ಬೆನ್ನು ತಟ್ಟಿ.

ಚಪ್ಪಾಳೆ ನಿಂತ ಮೇಲೆ ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. “ನಂಗೆ ಮಲಗಬೇಕು. ಮೈಯೆಲ್ಲ ಮುರೀತಿದೆ.”

“ಇದು ಯಾವ ಊರಿನ ಅಜ್ಜಿ ದನಿ?” ಎಂದು ಕೇಳಿದಳು ಕ್ಯಾಮೆರಾದಾಕೆ, ಆಸೆಯಿಂದ.

“ಇದು ನಮ್ಮಮ್ಮಂದು,” ಎಂದಳು ಮಗಳು.

ಹೊರಗೆ ಜೀಪು ಹಾರ್ನ್ ಹೊಡೆಯಿತು. ಮಗಳು ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿ ಅಮ್ಮನನ್ನು ಎಬ್ಬಿಸಿದಳು. ತಮ್ಮನ ಮುಖ ಅರಳಿತು. ಅಂತೂ ಅಕ್ಕನಿಗೆ ಬುದ್ಧಿ ಬಂತೆಂದು ತಾನೇ ಹೋಗಿ ಜೀಪಿನ ಬಾಗಿಲು ತೆಗೆದ. ಅವಳು ಅಮ್ಮನನ್ನು ಹತ್ತಿಸಿ, ಅವನ ಹೆಗಲ ಹಗ್ಗವನ್ನು ಸರ್ರನೆ ಎಳೆದುಕೊಂಡಳು. ಬಿಚ್ಚಿದರೆ ಅದು ಎರಡು ಮಾರೂ ಇರಲಿಲ್ಲ. ಅಮ್ಮ ತೂಗಾಡಿ ಬೀಳದಂತೆ ಸೀಟಿಗೆ ಸೇರಿಸಿ ಕಟ್ಟುವಷ್ಟು ಸಾಕಾಯಿತು. ಪಕ್ಕದಲ್ಲಿ ತಾನೂ ಕೂತಳು.

“ಆಸ್ಪತ್ರೆಗೆ,” ಎಂದಳು ಜೀಪಿನವನಿಗೆ. “ಮುಂದಿನೂರಿನ ತಿರುವಲ್ಲಿ ತಿರುಗಿಸಿದ್ಯೋ, ಸ್ಟೇರಿಂಗ್ ಕಿತ್ತು ಕೈಗೆ ಕೊಡ್ತೀನಿ.”

ಅವನು ಕನ್ನಡಿಯಲ್ಲಿ ಕ್ಯಾಪ್ಟನ್ನನನ್ನೊಮ್ಮೆ, ಇವಳನ್ನೊಮ್ಮೆ ನೋಡಿ ಗೇರು ಹಾಕಿದ.

“ಅಕ್ಕಾ, ನಾಳೆ ಊರಿಗೆ ಅಜ್ಜಿ?”

“ಶಾಲು ಒಳಗೇ ಬಿದ್ದಿದೆ. ಹೊದ್ಕೊಂಡು ನೀನೇ ಕೂತ್ಕೊ. ಅವರಿಗೇನೂ ಗೊತ್ತಾಗಲ್ಲ.”

“ಊಟ? ಅಕ್ಕಿ ಇನ್ನೂ ಬೆಂದಿಲ್ಲ.”

“ಸೌದೆ ಹಿಂದೆ ಕುಕ್ಕರ್ ಇದೆ. ಬಚ್ಚಿಟ್ಟವನೇ ತೆಕ್ಕೊ.”

ಜೀಪು ಇಳಿಜಾರಿಗೆ ಬಿದ್ದಿತು. ತಿರುವು ಬಂದಾಗ ಅವಳು ಜೀಪಿನವನ ಕೈಯ ಮೇಲಿಂದ ಕಣ್ಣು ಕೀಳಲಿಲ್ಲ. ತಿರುವು ಹಿಂದೆ ಸರಿದ ಮೇಲೂ ಕಚ್ಚಿ ಹಿಡಿದ ಹಲ್ಲನ್ನು ಅವಳು ಸಡಿಲಿಸಲಿಲ್ಲ.