ಹತ್ತು ಕಿಲೋಗೆ ಒಂದು ಗುಳಿಗೆ

ಡೂಗಲ್‌ನ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ! ಜನ್ಮದಲ್ಲಿ ಒಂದು ಎಸಳನ್ನೂ ಬಾಯಿಗಿಡದ ಗಂಡ. "ಯಾರ ಮನೇಲಿ ಊಟ ಮುಗಿಸ್ಕೊಂಡು ಬರ್ತಿದ್ದೀಯಪ್ಪಾ?" ಎಂದು ಎಲ್‌ಸ್ಪೆತ್ ಕೆಣಕಿದಳು. ಆಮೇಲೆ ಅವನ ಉಗುರು ಕಣ್ಣಿಗೆ ಬಿತ್ತು. ಬಿಳಿ ಗೆರೆ ಮೂಡಿ, ಅಂಚು ಪುಡಿಯಾಗುತ್ತಿತ್ತು. ಡನೀಡನ್ ಪಟ್ಟಣದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೆಲೆನಿಯಮ್ ಎಂಬ ಖನಿಜಾಂಶ ಅಳೆದವಳು ಅವಳು. ಅದು ಮೈಯಲ್ಲಿ ಹೆಚ್ಚಾದರೆ ಉಸಿರು, ಉಗುರು ಹೀಗೇ ಆಗುತ್ತವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ನೀನು ನುಂಗೋ ಆ ಸೆಲೆನಿಯಮ್ ಯೀಸ್ಟ್ ಗುಳಿಗೆ ಇವತ್ತಿಗೆ ಬಂದ್. ನಾಳೆ ಡಾಕ್ಟ್ರ ಹತ್ರ ಪರೀಕ್ಷೆಗೆ ರಕ್ತ ಕೊಡು."

"ಅಯ್ಯೋ ಮಾರಾಯ್ತಿ, ನಮ್ಮ ಮಣ್ಣಲ್ಲಿ ಸೆಲೆನಿಯಮ್ಮೇ ಇಲ್ಲ. ಅದನ್ನ ಕುಡಿಸಿದ್ಮೇಲೆ ತಾನೇ ನನ್ನ ಕುರಿಮರಿಗಳು ಎದ್ದು ನಿಂತಿದ್ದು?"

"ನೀನೇನು ಕುರಿಮರಿಯಾ?"

ಗುಳಿಗೆಯ ಡಬ್ಬಿ ಎತ್ತಿಕೊಂಡು ಪ್ರಯೋಗಾಲಯಕ್ಕೆ ಹೊರಟಳು. ಹೋದ ವರ್ಷ ತಾನೇ ಪರೀಕ್ಷಿಸಿ ಪಾಸು ಮಾಡಿದ ಗುಳಿಗೆ. ಗುಳಿಗೆ ಮಾಡುವವರು ಈ ಸಲ ಬರೀ ಯೀಸ್ಟಿಗೆ ಅಗ್ಗದ ಸೆಲೆನಿಯಮ್ ಉಪ್ಪನ್ನು ಸುರಿದಿರಬೇಕು, ಕಳ್ಳ ನನ್ಮಕ್ಕಳು! ಗುಳಿಗೆ ಅರೆದು, ಪ್ರೊಟೀನ್ ಕರಗಿಸುವ ಕಿಣ್ವ ಬೆರೆಸಿ, ಬೆಚ್ಚಗಿನ ನೀರಿನಲ್ಲಿ ಇಡೀ ದಿನ ಅಲುಗಲು ಬಿಟ್ಟಳು. ಅಳೆಯುವ ಯಂತ್ರಕ್ಕೆ ಹಾಕಿದಾಗ ಉಪ್ಪಿನ ಗೆರೆ ಏಳುವ ಜಾಗ ಖಾಲಿ. ಯೀಸ್ಟ್ ತಾನೇ ಬೆಳೆಸಿಕೊಂಡ ಸೆಲೆನಿಯಮ್ಮಿನ ಅಸಲಿ ರೂಪ, ಸೆಲೆನೋಮೆಥಿಯೊನೀನ್ ಮಾತ್ರ ತನ್ನ ಜಾಗದಲ್ಲಿ ನೆಟ್ಟಗೆ ಎದ್ದಿತು. ಪ್ರಮಾಣವೂ ಡಬ್ಬಿಯ ಮೇಲೆ ಬರೆದಷ್ಟೇ. ಮೂರು ಸಲ ನೋಡಿದಳು, ಮೂರು ಸಲವೂ ಅಷ್ಟೇ. ಗುಳಿಗೆಯಲ್ಲಿ ಮೋಸವಿರಲಿಲ್ಲ.

ಮನೆಗೆ ಬಂದವಳೇ ಕೇಳಿದಳು, "ದಿನಕ್ಕೆ ಎಷ್ಟು ನುಂಗ್ತಿದ್ದೆ?"

"ಒಂಬತ್ತು."

"ಒಂಬತ್ತಾ! ಒಂದೇ ಅಂತ ಬರೆದಿಲ್ವಾ?"

"ಎಲ್ರಿಗೂ ಒಂದೇ ಅಂದ್ರೆ ಹೆಂಗೆ? ತೂಕ ನೋಡ್ದೆ ಯಾವ ಕುರಿಗಾದ್ರೂ ಔಷಧಿ ಕುಡಿಸಿದ್ದೀನಾ? ಹತ್ತು ಕಿಲೋಗೆ ಒಂದು. ನಾನು ತೊಂಬತ್ತು. ಪ್ರತಿ ಸೋಮವಾರ ತೂಕ ನೋಡ್ತೀನಿ."

"ನಿನ್ನ ತಲೆಗಿಷ್ಟು! ಸಾಯ್ಬೇಕು ಅಂತಿದ್ಯಾ?"

ಡೂಗಲ್ ಪೆಚ್ಚಾದ. "ಇನ್ನಷ್ಟು ವರ್ಷ ನಿನ್ನ ಜೊತೆ ಇರ್ಬೇಕು ಅಂತಿದ್ದೆ ಕಣೇ. ನಿನ್ನ ಕೈಯಲ್ಲಿ ಪಾಸಾಗಿದ್ದು ನನಗೇನು ಕೆಡುಕು ಮಾಡುತ್ತೆ ಅಂದ್ಕೊಂಡೆ."

ತನ್ನ ಮೇಲಿನ ನಂಬಿಕೆಯೇ ಇವನನ್ನು ಕೊಲ್ಲುತ್ತಿತ್ತಲ್ಲ ಎಂದು ಎಲ್‌ಸ್ಪೆತ್ ಅವನ ಉಗುರು ಸವರುತ್ತಾ ಅತ್ತುಬಿಟ್ಟಳು.

ಸದ್ಯ ನಿಲ್ಲಿಸಿದ್ದೇ ಒಳ್ಳೆಯದಾಯಿತು, ಉಗುರು ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಚಹಾ ಮುಗಿದ ಮೇಲೆ ಅವನ ಉಸಿರಿನ ಪರೀಕ್ಷೆ. ಐದನೇ ವಾರ ಮೂಗಿಗೆ ಬಂದದ್ದು ಬರೀ ಚಹಾದ ವಾಸನೆ.

"ಪಾಸಾದ್ನಾ?"

"ಇಷ್ಟು ಬೇಗ ಹೇಳೋಕಾಗಲ್ಲ. ನಮ್ಮಲ್ಲಿ ಮೂರು ಸಲ ನೋಡ್ತೀವಿ," ಎಂದು ಎಲ್‌ಸ್ಪೆತ್ ಅವನ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡಳು.